ಗಾಜಿಗೆ ಅಂಟಿದ ಮದುವೆ ಫೋಟೊ, ಹೆಸರಿಲ್ಲದ ಮುಖಗಳು: ಯಾವುದು ಮೊದಲು?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಸಣ್ಣ ಕಾಫಿ ತೋಟ. 2018ರ ಆಗಸ್ಟ್‌ನಲ್ಲಿ ಮನೆ ಹಿಂದಿನ ಬರೆ (ಗುಡ್ಡದ ಕಡಿದಾದ ಮಗ್ಗುಲು) ಕುಸಿದು ಕೋಣೆಗೆ ಕೆಸರು ನುಗ್ಗಿತ್ತು. ಟ್ರಂಕಿನಲ್ಲಿದ್ದ ಹಳೇ ಫೋಟೊಗಳೆಲ್ಲ ನೆನೆದವು. ಹೇಗೋ ಒಣಗಿಸಿ ಕಟ್ಟಿಟ್ಟಿದ್ದೆವು. ಕಳೆದ ವರ್ಷ ಅಜ್ಜಿ ತೀರಿಕೊಂಡರು. ಈಗ ಟ್ರಂಕು ತೆಗೆದರೆ ಕೆಲವು ಫೋಟೊ ಒಂದಕ್ಕೊಂದು ಅಂಟಿವೆ, ಕೆಲವಕ್ಕೆ ಬೂಷ್ಟು ಹಿಡಿದಿದೆ. ಗೋಡೆಯಲ್ಲಿದ್ದ ಅಜ್ಜ–ಅಜ್ಜಿಯ ಮದುವೆ ಫೋಟೊ ಗಾಜಿಗೇ ಅಂಟಿಕೊಂಡಿದೆ. ಅದನ್ನು ಫೋನಿನ ಆ್ಯಪ್‌ನಲ್ಲಿ ಸರಿಮಾಡಿಸಿ ನೋಡಿದೆ, ಬಂದದ್ದು ಅಜ್ಜಿಯ ಮುಖವೇ ಅಲ್ಲ ಅನ್ನಿಸಿತು. ಅಜ್ಜನಿಗೆ ಈಗ 86. ಹಳೇ ಮನೆಯನ್ನು ಮುಂದಿನ ಬೇಸಿಗೆಯಲ್ಲಿ ಬಿಚ್ಚುವ ಮಾತಾಗಿದೆ. ಅದಕ್ಕೆ ಮೊದಲು ಅವರನ್ನೂ ಮನೆಯನ್ನೂ ಫೋಟೊ ತೆಗೆದಿಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಅಜ್ಜನಿಂದ ಶುರು ಮಾಡಿ, ಟ್ರಂಕು ಸ್ವಲ್ಪ ಕಾಯಲಿ. ಒಣಗಿದ ಬೂಷ್ಟು ಇನ್ನೊಂದು ತಿಂಗಳು ಹಾಗೇ ಇದ್ದರೆ ದೊಡ್ಡ ನಷ್ಟವಿಲ್ಲ. ಫೋಟೊದಲ್ಲಿರುವವರು ಯಾರೆಂದು ಹೇಳಬಲ್ಲವರು ಒಬ್ಬರೇ ಉಳಿದಿರುವಾಗ ಆ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕುವಂತಿಲ್ಲ. ಹಳೇ ಫೋಟೊಗಳು ನೀರಿಗೆ, ಗೆದ್ದಲಿಗೆ ಹೋದವು ಎಂದು ನಾವು ಹೇಳುತ್ತೇವೆ. ನಿಜವಾಗಿ ಹೆಚ್ಚಿನವು ಹೋಗುವುದು ಹೆಸರು ಅಳಿದು. ಚೊಕ್ಕಟವಾಗಿ ಉಳಿದಿದ್ದರೂ ಯಾರೆಂದು ಹೇಳುವವರಿಲ್ಲದ ಫೋಟೊ ಮನೆ ಖಾಲಿ ಮಾಡುವ ದಿನ ಗುಜರಿಯವನ ಚೀಲ ಸೇರುತ್ತದೆ. ಅರ್ಧ ತಿಂದುಹೋಗಿದ್ದರೂ ಹಿಂದೆ ಹೆಸರು ಬರೆದಿರುವ ಫೋಟೊವನ್ನು ಎಸೆಯಲು ಮೊಮ್ಮಕ್ಕಳಿಗೂ ಕೈ ಬರುವುದಿಲ್ಲ.

ಬೂಷ್ಟು ಹಿಡಿದ ಮೂಲ ಫೋಟೊಗಳನ್ನು 86ರ ಹಿರಿಯರ ಮಡಿಲಿಗೆ ಹಾಕಬೇಡಿ, ಆ ಪುಡಿ ಅವರ ಉಸಿರಿಗೆ ಒಳ್ಳೆಯದಲ್ಲ. ಟ್ರಂಕಿನಲ್ಲಿ ಬಿಡಿಬಿಡಿಯಾಗಿ ಕೈಗೆ ಬರುವ ಫೋಟೊಗಳನ್ನು ಸದ್ಯಕ್ಕೆ ಫೋನಿನಲ್ಲೇ ಒಂದೊಂದಾಗಿ ತೆಗೆದು, ಪ್ರತಿಯೊಂದಕ್ಕೂ ಒಂದು ನಂಬರು ಕೊಟ್ಟು, ಎ4 ಹಾಳೆಗೆ ಒಂದರಂತೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಸಾಮಾನ್ಯ ಜೆರಾಕ್ಸ್ ಅಂಗಡಿಯ ಪ್ರಿಂಟ್ ಸಾಕು. ಕಣ್ಣು ಮಂಜಾದವರಿಗೆ ಅಂಗೈಯಗಲದ ಮೂಲಕ್ಕಿಂತ ಈ ದೊಡ್ಡ ಹಾಳೆಯೇ ಅನುಕೂಲ, ಅದರ ಮೇಲೇ ಪೆನ್ನಿನಲ್ಲಿ ಗುರುತು ಹಾಕಲೂಬಹುದು. ಬೆಳಿಗ್ಗೆ ತಿಂಡಿಯಾದ ಮೇಲೆ ಕೂರಿ. ಒಂದು ಸಲಕ್ಕೆ ಹತ್ತು ಹನ್ನೆರಡು ಫೋಟೊ, ಅರ್ಧ ಗಂಟೆ. ಅದಕ್ಕಿಂತ ಎಳೆದರೆ ದಣಿವಿಗೆ ‘ಹೌದು, ಇರಬೇಕು’ ಎನ್ನುವ ಉತ್ತರಗಳು ಬರತೊಡಗುತ್ತವೆ. ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡುತ್ತಿರಿ. ಪ್ರತಿ ಹಾಳೆ ಎತ್ತಿಕೊಂಡಾಗ ನೀವೇ ‘ಇದು ಹದಿನಾಲ್ಕನೇ ನಂಬರು’ ಎಂದು ಗಟ್ಟಿಯಾಗಿ ಹೇಳಿ. ಇಲ್ಲದಿದ್ದರೆ ಆರು ತಿಂಗಳ ನಂತರ ಯಾವ ಮಾತು ಯಾವ ಫೋಟೊಕ್ಕೆ ಎಂದು ಹೊಂದಿಸಲಾಗದು.

‘ಇವರು ಯಾರು?’ ಎಂದು ಮೊದಲೇ ಕೇಳಿದರೆ ಅದು ಪರೀಕ್ಷೆಯ ಹಾಗಾಗುತ್ತದೆ. ಹೆಸರು ತಕ್ಷಣ ಹೊಳೆಯದ ಹಿರಿಯರು ಅಲ್ಲಿಗೇ ಬಾಗಿಲು ಹಾಕಿಕೊಳ್ಳುತ್ತಾರೆ. ಜಾಗದಿಂದ ಹಿಡಿಯಿರಿ: ಇದು ಯಾವ ಅಂಗಳ, ಹಿಂದೆ ಕಾಣುವ ಮರ ಈಗ ಇದೆಯೇ, ಈ ಬೆಂಚು ಯಾರ ಮನೆಯದು? ಇಸವಿ ಕೇಳಿದರೆ ನೆನಪಾಗುವುದಿಲ್ಲ. ಹುತ್ತರಿ ಹಬ್ಬವೋ ಕೈಲ್ ಮುಹೂರ್ತದ ಹಬ್ಬವೋ, ಹೊಸ ಕಣ ಮಾಡಿಸುವ ಮೊದಲೋ ನಂತರವೋ, ದೊಡ್ಡ ಮಗ ಹುಟ್ಟಿದ್ದನೋ ಇಲ್ಲವೋ ಎಂದು ಕೇಳಿದರೆ ನೆನಪಾಗುತ್ತದೆ. ಗುಂಪಿನ ಫೋಟೊ ಆದರೆ ಹಿಂದಿನ ಸಾಲು, ನಡುಸಾಲು, ಕೂತವರು ಎಂದು ಎಡದಿಂದ ಬಲಕ್ಕೆ ಹೋಗಿ, ಹಾಳೆಯಲ್ಲಿ ತಲೆಗಳ ಮೇಲೆ ಅಂಕಿ ಬರೆಯಿರಿ.

ಎರಡು ಕಡೆ ಪಟ್ಟು ಹಿಡಿದು ಕೇಳಬೇಕು. ಹೆಂಗಸರ ಹೆಸರು ‘ಇಂಥವರ ಹೆಂಡತಿ’ ಎಂಬಲ್ಲಿಗೆ ನಿಂತುಬಿಡುತ್ತದೆ. ಅವರ ಸ್ವಂತ ಹೆಸರು, ತವರಿನ ಮನೆತನ, ಊರು ಮೂರನ್ನೂ ಕೇಳಿ ಬರೆದುಕೊಳ್ಳಿ. ಮದುವೆಯಾದ ಮೇಲೆ ಮನೆತನದ ಹೆಸರೇ ಬದಲಾಗುವುದರಿಂದ ಇದೊಂದು ಎಳೆ ತಪ್ಪಿದರೆ ಆ ಹೆಂಗಸು ಎರಡೂ ಕಡೆಯ ವಂಶಾವಳಿಯಿಂದ ಮರೆಯಾಗುತ್ತಾಳೆ. ಎರಡನೆಯದು, ತೋಟದ ಫೋಟೊಗಳ ಅಂಚಿನಲ್ಲಿ ನಿಂತಿರುವವರು. ಕುಕ್ಕೆ ಹಿಡಿದವರು, ಮಗುವನ್ನು ಎತ್ತಿಕೊಂಡವರು, ಲೈನ್‌ಮನೆಯವರು (ಕೂಲಿಯವರ ಸಾಲುಮನೆಗಳಲ್ಲಿದ್ದವರು), ಗದ್ದೆಗೆ ಬರುತ್ತಿದ್ದ ಎರವ, ಕುರುಬ ಕುಟುಂಬದವರು. ಅವರ ಮನೆಗಳಲ್ಲಿ ಫೋಟೊ ಇದ್ದದ್ದೇ ಅಪರೂಪ, ಅವರ ಅಜ್ಜ ಅಜ್ಜಿಯ ಏಕೈಕ ಚಿತ್ರ ನಿಮ್ಮ ಟ್ರಂಕಿನಲ್ಲಿರುವ ಸಾಧ್ಯತೆ ಚೆನ್ನಾಗಿದೆ. ಹೆಸರು ಸಿಕ್ಕರೆ ಒಂದು ಪ್ರತಿ ಮಾಡಿಸಿ ಅವರ ಮಕ್ಕಳಿಗೆ ತಲುಪಿಸಿ. ಈ ಇಡೀ ಕೆಲಸದಲ್ಲಿ ನಾನು ತುಂಬಾ ಬೆಲೆ ಕೊಡುವುದು ಇದಕ್ಕೆ.

ಅಜ್ಜ ಹೇಳಿದ್ದೆಲ್ಲ ಸರಿಯಿರಬೇಕೆಂದಿಲ್ಲ. ‘ಅಜ್ಜ ಹೇಳಿದ್ದು’ ಎಂದು ದಿನಾಂಕ ಹಾಕಿ ಬರೆದುಕೊಳ್ಳಿ, ಸಂಶಯವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಫೋಟೊ ತಾನೇ ಕೊಡುವ ಸುಳಿವುಗಳೊಂದಿಗೆ ಆಮೇಲೆ ತಾಳೆ ನೋಡಬಹುದು. ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ ಪುಟ್ಟ ಕಪ್ಪು–ಬಿಳುಪು ಪ್ರಿಂಟುಗಳು ಹೆಚ್ಚಾಗಿ 1940ರಿಂದ 60ರ ದಶಕದವು. ಚೌಕಾಕಾರದವು ಹೆಚ್ಚಾಗಿ 120 ಎಂಬ ಅಗಲ ಫಿಲ್ಮಿನಿಂದ ಬಂದವು. ಆಗ್ಫಾ ಕ್ಲಿಕ್ 3ರಂಥ ಡಬ್ಬಿ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಚೌಕ ಚಿತ್ರ ಬರುತ್ತಿದ್ದವು. ಹಿಂಬದಿಯಲ್ಲಿ ‘ಇಂದು’ ಎಂಬ ಹೆಸರಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾಗದ. ಆ ಕಾರ್ಖಾನೆ ಸ್ಥಾಪನೆಯಾದದ್ದು 1960ರಲ್ಲಿ, ಫೋಟೊ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಸ್ಟುಡಿಯೊ ಮೊಹರಿನಲ್ಲಿ 571201 ಎಂಬ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು, ಪಿನ್ ಕೋಡ್ ಬಂದದ್ದೇ ಅಂದು. ಕೊಡಗಿನ ಮನೆಗಳಲ್ಲಿ ಸೇನೆಯ ಫೋಟೊಗಳಿಗೆ ಕೊರತೆಯಿಲ್ಲವಲ್ಲ, ಅದರಲ್ಲಿ ಇನ್ನೂ ಖಚಿತವಾದ ಗುರುತಿದೆ. ಮೇಜರ್ ಮತ್ತು ಮೇಲಿನ ಅಧಿಕಾರಿಗಳ ಭುಜದಲ್ಲಿ ಕಿರೀಟವಿದ್ದರೆ ಗಣರಾಜ್ಯಕ್ಕೆ ಮೊದಲಿನದು, ಅಶೋಕ ಸ್ತಂಭದ ಸಿಂಹಗಳಿದ್ದರೆ 1950ರ ಜನವರಿ 26ರ ನಂತರದ್ದು. ಟೋಪಿಯ ಬಿಲ್ಲೆ ಯಾವ ರೆಜಿಮೆಂಟ್ ಎಂದು ಹೇಳುತ್ತದೆ. ಕೊಡವ ಮದುವೆಯ ಗುಂಪಿನಲ್ಲಿ ಎಲ್ಲರೂ ಕಪ್ಪು ಕುಪ್ಯದಲ್ಲಿದ್ದು (ಕೊಡವ ಗಂಡಸರ ನಿಲುವಂಗಿ) ಒಬ್ಬರು ಬಿಳಿ ಕುಪ್ಯದಲ್ಲಿದ್ದರೆ ಮದುಮಗ ಅವರೇ ಎಂದು ಹಿಡಿದುಕೊಂಡು ಉಳಿದವರನ್ನು ಗುರುತಿಸುತ್ತ ಹೋಗಬಹುದು.

ಹೆಣದ ಪಕ್ಕ ಮನೆಮಂದಿಯೆಲ್ಲ ನಿಂತು ತೆಗೆಸಿದ ಫೋಟೊ ಸಿಕ್ಕರೆ ಬೆಚ್ಚಿ ಬದಿಗೆ ಎಸೆಯಬೇಡಿ. ಬದುಕಿದ್ದಾಗ ಒಮ್ಮೆಯೂ ಕ್ಯಾಮೆರಾ ಮುಂದೆ ಕೂರದವರಿಗೆ ಅದೇ ಮೊದಲ ಮತ್ತು ಕೊನೆಯ ಚಿತ್ರವಾಗಿರುತ್ತಿತ್ತು. ಸಾವಿಗೆ ಬಂದ ನೆಂಟರೆಲ್ಲ ಒಟ್ಟಿಗೆ ಸೇರಿರುವುದರಿಂದ ಸಂಬಂಧ ಗುರುತಿಸಲೂ ಅದರಷ್ಟು ಒಳ್ಳೆಯ ಫೋಟೊ ಬೇರೆ ಇರುವುದಿಲ್ಲ. ಬೇರೆ ಲಕೋಟೆಯಲ್ಲಿಟ್ಟು ಮೇಲೆ ಬರೆದಿಡಿ. ಅಜ್ಜನಿಗೆ ತೋರಿಸುವ ಮೊದಲು ಮಾತ್ರ ಕೇಳಿ.

ಇನ್ನು ಮದುವೆ ಫೋಟೊ. ಅದನ್ನು ಗಾಜಿನಿಂದ ಎಳೆಯಬೇಡಿ. ಹಳೇ ಕಪ್ಪು–ಬಿಳುಪು ಫೋಟೊದಲ್ಲಿ ಚಿತ್ರವಿರುವುದು ಕಾಗದದಲ್ಲಲ್ಲ, ಅದರ ಮೇಲಿನ ಜೆಲಟಿನ್ ಪದರದಲ್ಲಿ. ಆ ಪದರದೊಳಗಿನ ಬೆಳ್ಳಿಯ ಕಣಗಳೇ ಚಿತ್ರ. ಜೆಲಟಿನ್ ಎಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು. ತೇವಕ್ಕೆ ಉಬ್ಬಿ ಮೆತ್ತಗಾಗುತ್ತದೆ, ಎದುರಿಗಿದ್ದ ಗಾಜಿಗೆ ಹತ್ತಿಕೊಳ್ಳುತ್ತದೆ, ಒಣಗಿದಾಗ ಬಡಗಿಯ ವಜ್ರದ ಅಂಟಿನಂತೆ ಹಿಡಿಯುತ್ತದೆ. ಎಳೆದರೆ ಬರುವುದು ಬಿಳಿ ಕಾಗದ, ಅಜ್ಜಿಯ ಕೆನ್ನೆ ಗಾಜಿನಲ್ಲೇ ಉಳಿಯುತ್ತದೆ. ನೀರಲ್ಲಿ ನೆನೆಸಿದರೆ ಬಿಡುತ್ತದೆ ಎಂದು ಹೇಳುವವರಿದ್ದಾರೆ. ಬೂಷ್ಟು ಹಿಡಿಯದ ಫೋಟೊ ಬಿಡಬಹುದು. ಆದರೆ ಬೂಷ್ಟು ಜೆಲಟಿನ್ನನ್ನು ತಿನ್ನುತ್ತ ಅದನ್ನು ನೀರಲ್ಲಿ ಕರಗುವಂತೆ ಮಾಡಿಬಿಟ್ಟಿರುತ್ತದೆ. ಕೈಯಿಂದ ಬಣ್ಣ ಹಚ್ಚಿದ ಫೋಟೊ ಆಗಿದ್ದರೆ ಬಣ್ಣವೂ ಹೋಗಬಹುದು. ಒಂದೇ ಪ್ರತಿ ಇರುವ ಮದುವೆ ಫೋಟೊದಲ್ಲಿ ಈ ಪ್ರಯೋಗ ಬೇಡ. ಬಿಡಿಸಲೇಬೇಕೆಂದಿದ್ದರೆ ಅದು ಸಂರಕ್ಷಣೆಯ ತರಬೇತಿ ಇರುವವರ ಕೆಲಸ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು.

ಮನೆಯಲ್ಲಿ ಮಾಡಬಹುದಾದ್ದು ಗಾಜಿನ ಮೂಲಕವೇ ನಕಲು ತೆಗೆಯುವುದು. ಫ್ರೇಮನ್ನು ಮೆತ್ತನೆಯ ಬಟ್ಟೆಯ ಮೇಲೆ ಬೋರಲು ಹಾಕಿ, ಹಿಂದಿನ ಸಣ್ಣ ಮೊಳೆಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಕಿತ್ತು, ರಟ್ಟು ತೆಗೆದು, ಗಾಜು–ಫೋಟೊ ಎರಡನ್ನೂ ಒಟ್ಟಿಗೇ ಎತ್ತಿ. ರಟ್ಟಿನಲ್ಲಿ ಅಥವಾ ಫೋಟೊದ ಬೆನ್ನಲ್ಲಿ ಬರಹವಿದ್ದರೆ ಮೊದಲು ಅದರ ಫೋಟೊ ತೆಗೆಯಿರಿ. ಗಾಜಿನ ಹೊರಮೈಯನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ಗಾಜಿನ ಮೇಲೆ ನೇರವಾಗಿ ಏನನ್ನೂ ಚಿಮುಕಿಸಬೇಡಿ, ಅಂಚಿನಿಂದ ಒಳಗಿಳಿಯುತ್ತದೆ.

ಸ್ಕ್ಯಾನರಿನಲ್ಲಿ ಇಟ್ಟು ನೋಡಿದರೆ ಹೆಚ್ಚಿನವರಿಗೆ ಮಸುಕಾಗಿ ಬರುತ್ತದೆ. ಯುಎಸ್‌ಬಿ ವೈರಿನಿಂದಲೇ ಕರೆಂಟು ಪಡೆಯುವ ತೆಳ್ಳನೆಯ ಸ್ಕ್ಯಾನರುಗಳು ಸಿಐಎಸ್ ಬಗೆಯವು. ತಮ್ಮ ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುತ್ತವೆ, ನಡುವೆ ಎರಡು ಮಿಲಿಮೀಟರ್ ಫ್ರೇಮಿನ ಗಾಜು ಬಂದರೆ ಸೋಲುತ್ತವೆ. ನೆಗೆಟಿವ್ ಸ್ಕ್ಯಾನ್ ಮಾಡುವ ಸೌಲಭ್ಯವಿರುವ ದಪ್ಪ ಸ್ಕ್ಯಾನರ್ ಸಿಕ್ಕರೆ ಆದೀತು. ಇಲ್ಲದಿದ್ದರೆ ಕ್ಯಾಮೆರಾವೇ ಸರಿ. ಫೋಟೊವನ್ನು ಮೇಜಿನ ಮೇಲೆ ಮಟ್ಟಸವಾಗಿ ಮಲಗಿಸಿ, ಕ್ಯಾಮೆರಾವನ್ನು ಟ್ರೈಪಾಡಿನಲ್ಲಿ ನೇರ ಕೆಳಮುಖವಾಗಿ ಕಟ್ಟಿ. ನೇರವಿದೆಯೇ ಎಂದು ತಿಳಿಯಲು ಫೋಟೊ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಕನ್ನಡಿಯಲ್ಲಿ ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ಸರಿಯಿದೆ. ಒಂದೇ ಬಗೆಯ ಎರಡು ಎಲ್ಇಡಿ ಬಲ್ಬುಗಳನ್ನು ಎಡ–ಬಲದಿಂದ 45 ಡಿಗ್ರಿ ಓರೆಯಲ್ಲಿ, ಸಮಾನ ದೂರದಲ್ಲಿಡಿ. ಕೋಣೆಯ ಉಳಿದ ದೀಪ ಆರಿಸಿ ಪರದೆ ಎಳೆಯಿರಿ. ಕ್ಯಾಮೆರಾ ಮತ್ತು ನಿಮ್ಮ ಕೈಯ ಪ್ರತಿಬಿಂಬ ಗಾಜಿನಲ್ಲಿ ಬೀಳದಂತೆ ಕಪ್ಪು ಬಟ್ಟೆಯಲ್ಲಿ ಲೆನ್ಸಿನಷ್ಟೇ ತೂತು ಮಾಡಿ ಕ್ಯಾಮೆರಾ ಮುಂದೆ ಇಳಿಬಿಡಿ. 50 ಎಂಎಂ ಅಥವಾ ಹೆಚ್ಚಿನ ಲೆನ್ಸ್, ಎಫ್ 8, ಐಎಸ್ಒ 100, ಎರಡು ಸೆಕೆಂಡಿನ ಟೈಮರ್. ಫೋನೇ ಇರುವುದಾದರೆ 1ಎಕ್ಸ್ ಬಿಟ್ಟು 2ಎಕ್ಸ್ ಲೆನ್ಸಿನಲ್ಲಿ, ಸ್ವಲ್ಪ ಎತ್ತರದಿಂದ ತೆಗೆಯಿರಿ. ಹತ್ತಿರದಿಂದ ತೆಗೆದರೆ ಫೋಟೊದ ಅಂಚುಗಳು ಬಾಗುತ್ತವೆ. ಅಂಟಿದ ಜಾಗಗಳು ಒದ್ದೆಯ ಹಾಗೆ ಕಪ್ಪಾಗಿ, ಅಂಟದವು ಮಂಕಾಗಿ ಕಾಣುತ್ತವೆ. ಆ ವ್ಯತ್ಯಾಸವನ್ನು ಕಂಪ್ಯೂಟರಿನಲ್ಲಿ ಬಹುಪಾಲು ಸರಿದೂಗಿಸಬಹುದು.

ಟ್ರಂಕಿನ ಬೂಷ್ಟು ಮುಟ್ಟುವುದಕ್ಕೆ ಕಾಲ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಯ ತೇವಾಂಶ ದಿನಗಟ್ಟಲೆ ಶೇ 90ರ ಆಸುಪಾಸಿನಲ್ಲಿರುತ್ತದೆ, ಶೇ 65 ದಾಟಿದರೆ ಸಾಕು, ಮಲಗಿದ ಬೂಷ್ಟು ಮತ್ತೆ ಚಿಗುರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ, ಕಣದಲ್ಲಿ ಕಾಫಿ ಒಣಗುವ ದಿನಗಳೇ ಇದಕ್ಕೂ ಒಳ್ಳೆಯವು. ಹಾಗೆಂದು ಕಾಫಿಯ ಜೊತೆ ಬಿಸಿಲಿಗೆ ಹರಡಬೇಡಿ. ಬಿಸಿಲಿಗೆ ಕಾಗದ ಮತ್ತು ಜೆಲಟಿನ್ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಫೋಟೊ ಸುರುಳಿಯಾಗಿ ಬಿರಿಯುತ್ತದೆ. ಜಗಲಿಯ ನೆರಳಲ್ಲಿ, ಗಾಳಿಯಾಡುವಲ್ಲಿ ಎರಡು ಮೂರು ದಿನ ಹರಡಿ. ಬೂಷ್ಟು ಹಿಟ್ಟಿನಂತೆ ಪುಡಿಯಾಗಿ ಉದುರುವಂತಾದರೆ ಒಣಗಿದೆ ಎಂದರ್ಥ, ಬೆರಳಿಗೆ ಜಿಡ್ಡಾಗಿ ಹತ್ತಿದರೆ ಇನ್ನೂ ಜೀವವಿದೆ. ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು ಮನೆಯ ಹೊರಗೆ ಕೂತು, ನೀರಿನ ಬಣ್ಣಕ್ಕೆ ಬಳಸುವ ಮೆತ್ತನೆ ಅಗಲ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ, ಒತ್ತದೆ ಜಾಡಿಸಿ. ಜೆಲಟಿನ್ ಸಿಪ್ಪೆಯೇಳುತ್ತಿದ್ದರೆ ಅದನ್ನೂ ಮಾಡಬೇಡಿ, ಹಾಗೆಯೇ ನಕಲು ತೆಗೆಯಿರಿ. ಒದ್ದೆ ಹತ್ತಿ, ಸ್ಯಾನಿಟೈಸರ್, ಸ್ಪಿರಿಟ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಒದ್ದೆ ಬಟ್ಟೆಯ ಒಂದೇ ಎಳೆತಕ್ಕೆ ಕಣ್ಣು ಮೂಗು ಬಳಿದುಹೋದ ಫೋಟೊಗಳು ಬೇಕಾದಷ್ಟಿವೆ. ಅಂಚುಗಳಲ್ಲಿ ಕನ್ನಡಿಯಂತೆ ಮಿನುಗುವ ನೀಲಿ ಛಾಯೆ ಕಂಡರೆ ಅದು ಕೊಳೆಯಲ್ಲ, ಬೆಳ್ಳಿಯೇ ಮೇಲ್ಮೈಗೆ ಬಂದಿರುವುದು. ಅದನ್ನೂ ಉಜ್ಜಬಾರದು.

ಒಂದಕ್ಕೊಂದು ಅಂಟಿದ ಕಟ್ಟಿಗೆ ಕೈ ಹಾಕುವ ಮೊದಲು ಟ್ರಂಕಿನಲ್ಲಿ ನೆಗೆಟಿವ್ ಇದೆಯೇ ಹುಡುಕಿ. ಸ್ಟುಡಿಯೊದವರು ಕೊಟ್ಟ ಕಂದು ಲಕೋಟೆಯೊಳಗೆ ಪ್ರಿಂಟಿನ ಹಿಂದೆ ಮರೆತುಹೋಗಿರುತ್ತವೆ. ನೆಗೆಟಿವ್ ಸಿಕ್ಕರೆ ಅಂಟಿದ ಪ್ರಿಂಟಿನ ಚಿಂತೆ ಬಿಡಬಹುದು. ಸಿಗದಿದ್ದರೆ, ಕಟ್ಟಿನಲ್ಲಿ ಅತಿ ಕಡಿಮೆ ಮುಖ್ಯವಾದದ್ದು ಯಾವುದೋ ಅದನ್ನು ಆರಿಸಿ, ಕುದಿಸಿ ಆರಿಸಿದ ತಣ್ಣೀರಿನಲ್ಲಿ ಅರ್ಧ ಗಂಟೆ ಬಿಟ್ಟು ನೋಡಿ. ತಾನಾಗಿ ಜಾರಿ ಬಿಡಿಸಿಕೊಂಡರೆ ಮುಂದುವರಿಯಿರಿ, ನೀರು ಕಂದಾದರೆ ಅಲ್ಲಿಗೇ ನಿಲ್ಲಿಸಿ. ಇಂಕ್‌ಜೆಟ್ ಪ್ರಿಂಟುಗಳನ್ನು ನೀರಿಗೆ ಹಾಕಲೇಬೇಡಿ.

ಮತ್ತೊಮ್ಮೆ ನೀರು ಬಂದರೆ ನೆನಪಿಡಬೇಕಾದ ಅವಧಿ 48 ಗಂಟೆ, ಅಷ್ಟರಲ್ಲಿ ಬೂಷ್ಟು ಶುರುವಾಗುತ್ತದೆ. ನೆನೆದ ಫೋಟೊಗಳನ್ನು ಕಟ್ಟಾಗಿ ಒಣಗಲು ಬಿಡದೆ, ಚಿತ್ರದ ಮೈ ಮುಟ್ಟದೆ, ತಣ್ಣನೆ ಶುದ್ಧ ನೀರಿನಲ್ಲಿ ಕೆಸರು ತೊಳೆದು, ಚಿತ್ರ ಮೇಲಾಗಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಬೇಕು. ಮಳೆ ಹಿಡಿದು ಒಣಗಿಸಲು ಜಾಗವೇ ಇಲ್ಲದಿದ್ದರೆ ನಡುವೆ ಬೆಣ್ಣೆಕಾಗದ ಇಟ್ಟು ಜಿಪ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಕರೆಂಟು ಇರುವ ನೆಂಟರ ಮನೆಯದಾದರೂ ಸರಿ. ಬೂಷ್ಟು ಬೆಳೆಯುವುದು ನಿಲ್ಲುತ್ತದೆ, ವಾರಗಳ ನಂತರ ಬಿಡುವಾಗಿ ಕರಗಿಸಿ ಒಣಗಿಸಬಹುದು. ಗಾಜಿನ ನೆಗೆಟಿವ್ ಪ್ಲೇಟುಗಳನ್ನು ಮಾತ್ರ ಫ್ರೀಜ್ ಮಾಡಬಾರದು.

ಚೆನ್ನಾಗಿರುವ ಪ್ರಿಂಟುಗಳಿಗೆ ಸ್ಕ್ಯಾನರ್ ಸಾಕು. ಅಂಗೈಯಗಲದವಕ್ಕೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ), ಪಾಸ್‌ಪೋರ್ಟ್ ಅಳತೆಯವಕ್ಕೆ 1200, ಎ4ನಷ್ಟು ದೊಡ್ಡವಕ್ಕೆ 300–400. 35 ಎಂಎಂ ನೆಗೆಟಿವ್ ಆದರೆ 3200. ಕಪ್ಪು–ಬಿಳುಪು ಫೋಟೊವನ್ನೂ ಬಣ್ಣದ ಸೆಟ್ಟಿಂಗಿನಲ್ಲೇ ಸ್ಕ್ಯಾನ್ ಮಾಡಿ, ಕಲೆ ಯಾವುದು ಚಿತ್ರ ಯಾವುದು ಎಂದು ಆಮೇಲೆ ಬೇರ್ಪಡಿಸಲು ಬಣ್ಣವೇ ನೆರವಾಗುತ್ತದೆ. ಸ್ಕ್ಯಾನರಿನ ‘ತಾನೇ ಸರಿಪಡಿಸುವ’ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ವಿವರ ಕಳೆದುಕೊಳ್ಳದ ಟಿಫ್ ಫೈಲಿನ ರೂಪದಲ್ಲಿ ಉಳಿಸಿ. 4×6 ಇಂಚಿನ ಫೋಟೊ 600 ಡಿಪಿಐನಲ್ಲಿ ಸುಮಾರು 26 ಎಂಬಿ ಆಗುತ್ತದೆ, ಸಾವಿರ ಫೋಟೊ ಎಂದರೂ 26 ಜಿಬಿ, ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ಅದೇ ನಂಬರಿನಲ್ಲಿ ಸ್ಕ್ಯಾನ್ ಮಾಡಿ. ನೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸಿದರೆ ಕುಗ್ಗಿಸಿ ವಿವರವನ್ನೆಲ್ಲ ಕಿತ್ತುಹಾಕುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಆ್ಯಪ್‌ನಲ್ಲಿ ಅಜ್ಜಿಯ ಮುಖ ಬೇರೆಯಾದದ್ದು ನಿಮ್ಮ ಭ್ರಮೆಯಲ್ಲ. ಗುಂಪಿನ ಫೋಟೊದಲ್ಲಿ ಒಂದು ಮುಖ ನಾಲ್ಕು ಮಿಲಿಮೀಟರ್ ಎತ್ತರವಿರುತ್ತದೆ ಎಂದಿಟ್ಟುಕೊಳ್ಳಿ. 600 ಡಿಪಿಐನಲ್ಲಿ ಅದು ತೊಂಬತ್ತನಾಲ್ಕು ಚುಕ್ಕೆ. ಆ್ಯಪ್ ಅದನ್ನು ಐನೂರು ಚುಕ್ಕೆಯ ಹೊಳೆಯುವ ಮುಖವಾಗಿ ಮಾಡಿಕೊಡುತ್ತದೆ. ಹೆಚ್ಚುವರಿ ರೆಪ್ಪೆ, ತುಟಿಯ ಅಂಚು, ಹಲ್ಲಿನ ಸಾಲು ಎಲ್ಲಿಂದ ಬಂತು? ಅದು ತಾನು ಕಲಿತ ಲಕ್ಷಾಂತರ ಅಪರಿಚಿತ ಮುಖಗಳ ಸರಾಸರಿಯಿಂದ ತುಂಬಿದ್ದು. ಅಜ್ಜಿಯ ಎಡಗಣ್ಣು ಸ್ವಲ್ಪ ಚಿಕ್ಕದಿದ್ದರೆ ಅದು ಎರಡನ್ನೂ ಸಮ ಮಾಡುತ್ತದೆ, ಸಿಡುಬಿನ ಕಲೆಯಿದ್ದರೆ ಅಳಿಸುತ್ತದೆ. ನೀವು ಅವರನ್ನು ಗುರುತಿಸುತ್ತಿದ್ದದ್ದೇ ಅವುಗಳಿಂದ. ಅಪಾಯ ನಿಮಗಿಲ್ಲ, ನೀವು ಅವರನ್ನು ಕಂಡಿದ್ದೀರಿ. ಕಾಣದ ಮರಿಮಕ್ಕಳು ಆ ಹೊಸ ಮುಖವನ್ನೇ ಅಜ್ಜಿ ಎಂದು ನೆನಪಿಟ್ಟುಕೊಳ್ಳುತ್ತಾರೆ. ಆದ್ದರಿಂದ ಮುಖಗಳಿಗೆ ಆ್ಯಪ್ ಮುಟ್ಟಿಸಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಬೆಳಕು–ಕಪ್ಪು ಹೊಂದಿಸಿ, ಹಿನ್ನೆಲೆಯ ಕಲೆ, ಗೀರು ತೆಗೆಯಿರಿ, ಮುಖದ ಮೇಲೆ ಹಾದ ಗೀರನ್ನು ಪಕ್ಕದ ಚರ್ಮದಿಂದಲೇ ತುಂಬಿ. ಅಲ್ಲಿಗೆ ನಿಲ್ಲಿಸಿ. ಇದೆಲ್ಲ ಪ್ರತಿಯ ಮೇಲೆ, ಫೈಲಿನ ಹೆಸರಿನಲ್ಲಿ ‘ತಿದ್ದಿದ್ದು’ ಎಂದು ಸೇರಿಸಿ. ಬಣ್ಣ ಹಾಕಿಸುವ ಆಸೆಯಿದ್ದರೆ ಸೀರೆಯ ಬಣ್ಣವನ್ನು ಆ್ಯಪ್ ಊಹಿಸುವ ಬದಲು ಅಜ್ಜನನ್ನೇ ಕೇಳಿ, ಅವರಿಗೆ ನೆನಪಿರುತ್ತದೆ.

ಅಜ್ಜನ ಫೋಟೊ ತೆಗೆಯುವುದಕ್ಕೆ ಹೊಸ ಕ್ಯಾಮೆರಾ ಬೇಕಿಲ್ಲ. ಫೋನಿನ 1ಎಕ್ಸ್ ಲೆನ್ಸಿನಲ್ಲಿ ಮೊಳದೂರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. 2ಎಕ್ಸ್ ಇಟ್ಟು ಎರಡು ಮೀಟರ್ ಹಿಂದೆ ನಿಲ್ಲಿ. ಫ್ಲಾಶ್ ಬೇಡ. ಜಗಲಿಯ ಒಳಬದಿಯಲ್ಲಿ, ಬೆಳಕು ಒಂದು ಪಕ್ಕದಿಂದ ಬೀಳುವಂತೆ ಕೂರಿಸಿ. ಮೋಡದ ದಿನದ ಬೆಳಕು ವಯಸ್ಸಾದ ಚರ್ಮಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಆದರೆ ಕಡಿಮೆ. ಕೈ ನಡುಗುವವರಿಗೆ 1/250 ಸೆಕೆಂಡಿಗಿಂತ ನಿಧಾನ ಹೋಗಬೇಡಿ, ಅದಕ್ಕಾಗಿ ಐಎಸ್ಒ 1600, 3200 ಆದರೂ ಏರಿಸಿ. ಚಿತ್ರದಲ್ಲಿ ಕಾಳುಕಾಳು ಬಂದರೆ ನಷ್ಟವಿಲ್ಲ, ಅಲುಗಿದ ಮುಖವನ್ನು ಮಾತ್ರ ಸರಿಮಾಡಲಾಗದು.

ಒಳ್ಳೆಯ ಬಟ್ಟೆ ಹಾಕಿಸಿ ಒಂದು ಫೋಟೊ ತೆಗೆಯಿರಿ, ಅದು ಅವರಿಗೂ ಬೇಕಿರುತ್ತದೆ. ಉಳಿದವನ್ನು ದಿನದ ಕೆಲಸದ ನಡುವೆ ತೆಗೆಯಿರಿ: ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವ ರೀತಿ, ಕತ್ತಿ ಮಸೆಯುವಾಗಿನ ಹೆಬ್ಬೆರಳು, ಕನ್ನಡಕ ಹಣೆಗೇರಿಸಿ ಪೇಪರು ಓದುವುದು, ಗಂಬೂಟಿನಿಂದ ಕಾಲೆಳೆಯಲು ಬಾಗಿಲಿನ ಚೌಕಟ್ಟು ಹಿಡಿಯುವುದು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಜೀವನವಿಡೀ ತೆಗೆದದ್ದು ಇಂಥ ಸಾಮಾನ್ಯ ಜನರ ಸಾಮಾನ್ಯ ದಿನಗಳನ್ನು. ಅವರ ಚಿತ್ರಗಳಲ್ಲಿ ಯಾರೂ ಕ್ಯಾಮೆರಾಕ್ಕಾಗಿ ಉಸಿರು ಬಿಗಿಹಿಡಿದಿಲ್ಲ. ಅಂಥ ಚಿತ್ರ ಬೇಕಾದರೆ ಹತ್ತು ನಿಮಿಷ ಕ್ಯಾಮೆರಾ ಕೆಳಗಿಟ್ಟು ಸುಮ್ಮನೆ ಜೊತೆಗೆ ಕೂತಿರಬೇಕಾಗುತ್ತದೆ.

ಅಜ್ಜಿಯಿಲ್ಲದ ಮನೆ ಇದು ಎಂಬುದನ್ನೂ ಫೋಟೊದಿಂದ ಹೊರಗಿಡಬೇಡಿ. ಅವರು ಕೂರುತ್ತಿದ್ದ ಜಾಗ, ಒಲೆಯ ಪಕ್ಕದ ಮಣೆ, ಮೊಳೆಗೆ ನೇತುಹಾಕಿದ ಚೀಲ ಇವನ್ನು ಯಾರೂ ಸರಿಸುವ ಮೊದಲು ಇದ್ದಂತೆಯೇ ತೆಗೆಯಿರಿ. ಅಜ್ಜನ ಕಣ್ಣು ತುಂಬಿದರೆ ಕ್ಯಾಮೆರಾ ಇಳಿಸಿ. ತೆಗೆದದ್ದನ್ನೆಲ್ಲ ಅವರಿಗೆ ತೋರಿಸಿ, ಬೇಡವೆಂದದ್ದನ್ನು ಅವರೆದುರೇ ಅಳಿಸಿ.

ಮನೆಗೆ ಮೊದಲು ಒಂದು ನಕ್ಷೆ. ಕೋಣೆಗಳಿಗೆ ನಂಬರು ಹಾಕಿ, ಪ್ರತಿ ಕೋಣೆಯ ನಾಲ್ಕೂ ಮೂಲೆಗಳಿಂದ ಎದೆಯೆತ್ತರದಲ್ಲಿ, ಕ್ಯಾಮೆರಾ ಮೇಲಕ್ಕೂ ಕೆಳಕ್ಕೂ ಓಲದಂತೆ ಹಿಡಿದು ಒಂದೊಂದು ಚಿತ್ರ. ಆಮೇಲೆ ಬಾಗಿಲು, ಹೊಸ್ತಿಲು, ಕಂಬ, ದೀಪ ಇಡುವ ಜಾಗ, ಒಲೆ. ಕಂಬದ ಕೆತ್ತನೆ ಎದುರು ಬೆಳಕಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಟಾರ್ಚನ್ನು ಪಕ್ಕದಿಂದ, ಮರಕ್ಕೆ ತಾಗುವಷ್ಟು ಓರೆಯಾಗಿ ಹಿಡಿದರೆ ಉಳಿಯ ಗುರುತುಗಳೂ ಎದ್ದು ಬರುತ್ತವೆ. ಪಕ್ಕದಲ್ಲಿ ಅಳತೆಯ ಸ್ಕೇಲ್ ಇಟ್ಟು ಇನ್ನೊಂದು ತೆಗೆಯಿರಿ. ಹೊಗೆ ಹಿಡಿದ ಅಡುಗೆಮನೆಯಲ್ಲಿ ಕಿಟಕಿ ಬೆಳ್ಳಗೆ ಸುಟ್ಟು ಗೋಡೆ ಕಪ್ಪಾಗುವುದು ಸಹಜ. ಟ್ರೈಪಾಡಿಗೆ ಕಟ್ಟಿ, ಮೊದಲನೆಯದನ್ನು ಸರಿಯಾದ ಬೆಳಕಿಗೆ, ಇನ್ನೊಂದನ್ನು ಬೆಳಕು ಎರಡು ಸ್ಟಾಪ್ (ಹಂತ) ಹೆಚ್ಚಿಸಿ, ಮತ್ತೊಂದನ್ನು ಎರಡು ಸ್ಟಾಪ್ ಕಡಿಮೆ ಮಾಡಿ, ಹೀಗೆ ಮೂರು ತೆಗೆದರೆ ಎಲ್ಲ ಸಿಗುತ್ತದೆ. ಹಂಚು ಇಳಿಸಲು ಶುರು ಮಾಡಿದ ಮೇಲೂ ದಿನಕ್ಕೊಂದು ತೆಗೆಯಿರಿ, ಜೋಡಣೆ ಹೇಗಿತ್ತೆಂದು ಕಾಣುವುದು ಆಗ ಮಾತ್ರ.

ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದಲ್ಲ, ದಿನವೂ ಬೆಳಿಗ್ಗೆ ಮಾಪಕ ನೋಡಿ ಇಂಚು–ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು) ಬರೆದದ್ದು. ನಿಮ್ಮಲ್ಲಿದ್ದರೆ ಅದರ ಪ್ರತಿ ಪುಟವನ್ನೂ ತೆಗೆಯಿರಿ. 2018ರ ಆಗಸ್ಟಿನ ಪುಟ ಸಿಕ್ಕರೆ ಅಂಕಿಗಳನ್ನಷ್ಟೇ ನೋಡಬೇಡಿ, ಯಾವ ದಿನ ಕೈಬರಹ ಬದಲಾಗಿದೆ, ಯಾವ ದಿನದಿಂದ ಸಾಲು ಖಾಲಿಯಿದೆ ನೋಡಿ. ಬರೆ ಕುಸಿದ ವಾರ ಮನೆಯಲ್ಲಿ ಏನಾಯಿತೆಂದು ಯಾವ ಫೋಟೊಕ್ಕಿಂತಲೂ ಹತ್ತಿರದಿಂದ ಹೇಳುವ ಪುಟ ಅದು.

ಕೊನೆಗೆ ಇಡುವ ಕೆಲಸ. ಅಂಟುಹಾಳೆಯ ಆಲ್ಬಂನಿಂದ ಫೋಟೊ ತೆಗೆಯಲು ಬರುವಷ್ಟನ್ನು ತೆಗೆದುಬಿಡಿ. ನಮ್ಮ ಹವೆಗೆ ಪ್ಲಾಸ್ಟಿಕ್ ಕವರಿಗಿಂತ ಬಿಳಿ ಕಾಗದದ ಲಕೋಟೆ ವಾಸಿ, ಪ್ಲಾಸ್ಟಿಕ್ಕಿನಲ್ಲಿ ತೇವ ಸಿಕ್ಕಿಕೊಂಡು ಮತ್ತೆ ಅಂಟುತ್ತದೆ. ಒಣ ತಿಂಗಳಲ್ಲೇ, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5 ಎಂದಿದ್ದರೆ ಒಳ್ಳೆಯ ಪ್ಲಾಸ್ಟಿಕ್, 3 ಎಂದಿದ್ದರೆ ಪಿವಿಸಿ, ಅದು ಬೇಡ. 20 ಲೀಟರ್ ಡಬ್ಬಿಗೆ ಸುಮಾರು 250 ಗ್ರಾಂ ಸಿಲಿಕಾ ಜೆಲ್ಲನ್ನು ಬಟ್ಟೆಚೀಲದಲ್ಲಿ ಕಟ್ಟಿ ಒಂದು ಮೂಲೆಯಲ್ಲಿಡಿ, ಪಕ್ಕದಲ್ಲೊಂದು ಚಿಕ್ಕ ತೇವಾಂಶ ಮಾಪಕ. ಶೇ 35ರಿಂದ 50ರ ನಡುವೆ ಇರಲಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ 120 ಡಿಗ್ರಿ ಓವನ್ನಿನಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕಿತ್ತಳೆಗೆ ಬರುತ್ತದೆ. ಕರ್ಪೂರ, ನುಸಿಗುಳಿಗೆ ಹಾಕಬೇಡಿ. ಅಟ್ಟದ ಮೇಲೆ, ಹೊರಗೋಡೆಗೆ ತಾಗಿಸಿ ಇಡಬೇಡಿ. ಫೈಲುಗಳ ಮೂರು ಪ್ರತಿ ಮಾಡಿ, ಒಂದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿರಲಿ. ಬರೆ ಕುಸಿಯುವ ಊರಿನಲ್ಲಿ ಮೂರೂ ಪ್ರತಿ ಒಂದೇ ಸೂರಿನಡಿ ಇಟ್ಟರೆ ಒಂದೇ ಪ್ರತಿ ಇಟ್ಟಂತೆ.

ಮದುವೆ ಫೋಟೊದ ಮೂಲ, ಗಾಜಿನ ಸಮೇತ, ಮಲಗಿಸಿದ ಸ್ಥಿತಿಯಲ್ಲಿ ಡಬ್ಬಿಯಲ್ಲಿರಲಿ. ಗೋಡೆಗೆ ನಕಲು ಹಾಕಿ. ಹಾರ, ಕುಂಕುಮ, ದೀಪದ ಹೊಗೆ ಎಲ್ಲವನ್ನೂ ನಕಲು ತಡೆದುಕೊಳ್ಳಲಿ, ಹಾಳಾದರೆ ಇನ್ನೊಂದು ಮಾಡಿಸಬಹುದು. ಫ್ರೇಮ್ ಹಾಕಿಸುವಾಗ ಫೋಟೊ ಗಾಜಿಗೆ ತಾಗದಂತೆ ಸುತ್ತ ದಪ್ಪ ರಟ್ಟಿನ ಅಂಚು ಕೊಡಿಸಿ, ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಸೆಂಟಿಮೀಟರ್ ದಪ್ಪದ ಬಿರಡೆಯ (ಕಾರ್ಕ್) ತುಂಡು ಅಂಟಿಸಿ, ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡಲಿ. ಹಿಂದಿನ ರಟ್ಟನ್ನು ಮುಚ್ಚುವ ಮೊದಲು ಅದರ ಒಳಮೈಯಲ್ಲಿ 2ಬಿ ಪೆನ್ಸಿಲ್‌ನಿಂದ ಇಬ್ಬರ ಹೆಸರು, ಅಜ್ಜಿಯ ತವರಿನ ಮನೆತನ, ಮದುವೆಯಾದ ಊರು, ಇಸವಿ, ಮೂಲ ಯಾವ ಡಬ್ಬಿಯಲ್ಲಿದೆ, ಇದನ್ನೆಲ್ಲ ಹೇಳಿದವರು ಯಾರು ಎಂದು ಬರೆಯಿರಿ. ಅಜ್ಜನಿಗೆ ಕೈ ನಿಲ್ಲುವುದಾದರೆ ಅವರಿಂದಲೇ ಬರೆಸಿ.